ಆಸ್ಟ್ರಿಯಾದಲ್ಲಿ ಬಾಡಿದ ಹೂವಿಗೂ ಕೆಲಸವಿದೆ

(ಕಳೆದ ತಿಂಗಳು ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಪರದೆಯ ಮೇಲೆ ಚಿತ್ರ ತೋರಿಸಿ ಮುಂದೆ ಹೋದ ಕಡೆ ಇಲ್ಲಿ ನಾಲ್ಕು ಮಾತು ಜಾಸ್ತಿ ಸೇರಿದೆ.)

ಎಲ್ಲರಿಗೂ ನಮಸ್ಕಾರ. ನಾನು ಹೂ ಕಟ್ಟುವ ಮನೆಯಲ್ಲಿ ಬೆಳೆದವಳು. ನಮ್ಮಮ್ಮ ಮಧ್ಯಾಹ್ನ ಬಾಳೆನಾರು ನೆನೆಹಾಕಿ ಕೂತರೆ ದೀಪ ಹಚ್ಚುವ ಹೊತ್ತಿಗೆ ಐದಾರು ಮಾರು ಮಲ್ಲಿಗೆ ಕಟ್ಟಿ ಏಳುತ್ತಿದ್ದರು. ಹಾಗಾಗಿ ಗಂಡನ ಕೆಲಸದಿಂದಾಗಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ಗೆ ಹೋಗಿ ಮೂರು ವರ್ಷ ಇರಬೇಕಾಗಿ ಬಂದಾಗ, ಬೇರೆ ಏನು ಗೊತ್ತಿಲ್ಲದಿದ್ದರೂ ಹೂವಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನುವ ಜಂಬ ಇತ್ತು.

ಆ ಜಂಬ ಒಂದು ತಿಂಗಳೂ ಉಳಿಯಲಿಲ್ಲ. ಕೆಳಗಿನ ಮನೆಯ ಅಜ್ಜಿ ಕಾಫಿಗೆ ಕರೆದರು. ಬರಿಗೈಯಲ್ಲಿ ಹೋಗಬಾರದಲ್ವಾ? ಅಂಗಡಿಗೆ ಹೋಗಿ ಎಂಟು ಕೆಂಪು ಗುಲಾಬಿ ಕೊಂಡು, ಕಾಗದ ಸುತ್ತಿಸಿಕೊಂಡು, ಹಾಗೇ ತೆಗೆದುಕೊಂಡು ಹೋಗಿ ಕೈಗೆ ಕೊಟ್ಟೆ. ಅಜ್ಜಿ ನಕ್ಕರು. ಒಂದೇ ಸಲಕ್ಕೆ ಮೂರು ತಪ್ಪು ಮಾಡಿದ್ದೆ. ಅಲ್ಲಿ ಬಾಗಿಲ ಹೊರಗೇ ಕಾಗದ ಬಿಚ್ಚಿ, ಮುದ್ದೆ ಮಾಡಿ ಜೇಬಿಗೆ ತುರುಕಿಕೊಂಡು, ಹೂವನ್ನಷ್ಟೇ ಕೊಡಬೇಕು. ಲೆಕ್ಕ ಬೆಸ ಇರಬೇಕು, ಐದು, ಏಳು, ಒಂಬತ್ತು. ಇನ್ನು ಕೆಂಪು ಗುಲಾಬಿ ಪ್ರೇಮಿಗೆ ಕೊಡುವ ಹೂವು! ಎಂಬತ್ತರ ಅಜ್ಜಿಗೆ ಕೊಟ್ಟು ಬಂದಿದ್ದೆ.

ಆದರೆ ನಾನು ಹೇಳಹೊರಟಿದ್ದು ಅದನ್ನಲ್ಲ. ಒಂದು ತಿಂಗಳು ಬಿಟ್ಟು ಮತ್ತೆ ಹೋದಾಗ ಅಡುಗೆಮನೆಯ ತೊಲೆಗೆ ಅದೇ ಎಂಟು ಗುಲಾಬಿ ತಲೆಕೆಳಗಾಗಿ ನೇತಾಡುತ್ತಿದ್ದವು. ಒಣಗಿ ಕಪ್ಪುಗೆಂಪಾಗಿದ್ದವು. ನನಗೆ ಒಂಥರಾ ಆಯಿತು. ಬಾಡಿದ ಹೂವನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರಾ ಯಾರಾದರೂ? ನಮ್ಮಲ್ಲಿ ಸಂಜೆ ಮುಡಿದ ಹೂ ಬೆಳಿಗ್ಗೆ ಗಿಡದ ಬುಡಕ್ಕೆ. ದೇವರ ಮೇಲಿನದಾದರೆ ನಿರ್ಮಾಲ್ಯ, ಯಾರೂ ತುಳಿಯದ ಕಡೆ ಹಾಕಬೇಕು. ಹೂವಿನ ಆಯುಷ್ಯ ಒಂದು ದಿನ, ಅಷ್ಟೆ. ಅಲ್ಲಿ ಹೂವು ಒಣಗಿದ ಮೇಲೆಯೇ ಅದರ ಅರ್ಧ ಕೆಲಸ ಶುರುವಾಗುತ್ತದೆ ಅಂತ ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಒಂದು ವಿಷಯ ಮಾತ್ರ ಮೊದಲ ದಿನವೇ ಖುಷಿ ಕೊಟ್ಟಿತ್ತು. ಜರ್ಮನ್ ಭಾಷೆಯಲ್ಲಿ ಹೂವನ್ನು ಜೋಡಿಸುವುದಕ್ಕೆ 'ಬಿಂಡನ್' ಅನ್ನುತ್ತಾರೆ. ಕಟ್ಟುವುದು ಅಂತ ಅರ್ಥ. ಈಗ ಫ್ಲೋರಿಸ್ಟ್ ಅನ್ನುವ ಕಸುಬಿಗೆ ಹಿಂದೆ ಅಲ್ಲಿದ್ದ ಹೆಸರು 'ಬ್ಲೂಮನ್‌ಬಿಂಡರ್', ಅಂದರೆ ಅಕ್ಷರಶಃ ಹೂ ಕಟ್ಟುವವರು. ಇವತ್ತಿಗೂ ಅದು ಮೂರು ವರ್ಷ ಕಲಿಯಬೇಕಾದ ಕಸುಬು. ಇನ್ನೊಂದು ತಮಾಷೆ. ಹೂಗುಚ್ಛಕ್ಕೆ ಅಲ್ಲಿನ ಪದ 'ಷ್ಟ್ರೌಸ್'. ವಾಲ್ಟ್ಸ್ ಸಂಗೀತದ ಯೋಹಾನ್ ಷ್ಟ್ರೌಸ್ ಇದ್ದಾರಲ್ಲ, ಅವರ ಮನೆತನದ ಹೆಸರಿಗೂ ಅದೇ ಅರ್ಥ ಬರುತ್ತದೆ. ಉಷ್ಟ್ರಪಕ್ಷಿ ಅಂತಲೂ ಆಗುತ್ತದೆ, ಅದು ಬೇರೆ ಮಾತು.

ಹಳ್ಳಿಯ ಕಟ್ಟುಗಳಿಂದ ಶುರು ಮಾಡುತ್ತೇನೆ, ಯಾಕೆಂದರೆ ನನ್ನ ಕಣ್ಣಲ್ಲಿ ಅಸಲಿ ಸಂಪ್ರದಾಯ ಇರುವುದು ಅಲ್ಲೇ. ಆಗಸ್ಟ್ 15 ಅಲ್ಲಿ ಮೇರಿ ಮಾತೆ ಸ್ವರ್ಗಕ್ಕೆ ಹೋದ ಹಬ್ಬ. ಮೇರಿಯ ಸಮಾಧಿ ತೆರೆದು ನೋಡಿದಾಗ ದೇಹ ಇರಲಿಲ್ಲ, ಹೂವುಗಳಿದ್ದವು ಅಂತ ಕತೆ. ಆ ದಿನ ಹೆಂಗಸರು 'ಕ್ರಾಯ್ಟರ್‌ಬುಶನ್' ಅನ್ನುವ ಗಿಡಮೂಲಿಕೆಯ ಕಟ್ಟನ್ನು ಚರ್ಚಿಗೆ ಒಯ್ದು ಪಾದ್ರಿಯಿಂದ ಆಶೀರ್ವಾದ ಮಾಡಿಸುತ್ತಾರೆ. ನಡುವೆ ಎದ್ದು ನಿಲ್ಲುವುದು ಉದ್ದ ದಂಟಿನ ಹಳದಿ ಹೂವು. ಅದರ ಹೆಸರೇ 'ರಾಜನ ಮೇಣದಬತ್ತಿ'. ಅದರ ಸುತ್ತ ಕ್ಯಾಮೊಮೈಲ್, ಪುದೀನ, ಆರ್ನಿಕಾ, ಇನ್ನೂ ಏನೇನೋ. ಎಷ್ಟು ಬಗೆ ಸೇರಿಸಬೇಕು ಅನ್ನುವುದಕ್ಕೂ ಲೆಕ್ಕ ಉಂಟು. ಏಳಾದರೂ ಬೇಕು, ಒಂಬತ್ತಾದರೆ ಒಳ್ಳೆಯದು. ಎಪ್ಪತ್ತೇಳು, ತೊಂಬತ್ತೊಂಬತ್ತು ಅಂತಲೂ ಹೇಳುವವರಿದ್ದಾರೆ. ಅಷ್ಟು ಬಗೆ ಸೇರಿಸಿದವರನ್ನು ನಾನಂತೂ ನೋಡಿಲ್ಲ.

ಅಜ್ಜಿ ನನ್ನನ್ನೂ ಗುಡ್ಡದ ಹುಲ್ಲುಗಾವಲಿಗೆ ಕರೆದುಕೊಂಡು ಹೋಗಿದ್ದರು. ಒಂದು ಬೂದುಹಸಿರು ಎಲೆ ಕಿತ್ತು ಮೂಸಲು ಕೊಟ್ಟರು. ಬೆರಳಲ್ಲಿ ಹಿಸುಕಿದ ತಕ್ಷಣ ನನಗೆ ಊರಿನ ದೇವಸ್ಥಾನ ನೆನಪಾಯಿತು. ಅದು ಮಾಚಿಪತ್ರೆ! ಅಲ್ಲಿ 'ಬೈಫುಸ್' ಅನ್ನುತ್ತಾರೆ. ನಮ್ಮ ದವನವೂ ಅದೇ ಕುಲದ್ದು. ನಾವು ಹೂಮಾಲೆಯ ನಡುನಡುವೆ ಸೇರಿಸುತ್ತೇವೆ, ಅವರು ಮೇರಿಯ ಕಟ್ಟಿಗೆ ಸೇರಿಸುತ್ತಾರೆ.

ಆಶೀರ್ವಾದ ಆದ ಮೇಲೆ ಈ ಕಟ್ಟು ಹೂದಾನಿಗೆ ಹೋಗುವುದಿಲ್ಲ. ತಲೆಕೆಳಗಾಗಿ ತೂಗುಹಾಕಿ ಒಣಗಿಸುತ್ತಾರೆ. ಬೇಸಿಗೆಯಲ್ಲಿ ಗುಡುಗು ಸಿಡಿಲು ಜೋರಾದರೆ ಅದರಿಂದ ಒಂದು ಚಿವುಟು ಮುರಿದು ಒಲೆಗೆ ಹಾಕುತ್ತಾರೆ. ದನಕ್ಕೆ ಹುಷಾರಿಲ್ಲದಿದ್ದರೆ ಮೇವಿಗೆ ಸ್ವಲ್ಪ ಬೆರೆಸುತ್ತಾರೆ. ಉಳಿದದ್ದು ಡಿಸೆಂಬರಿಗೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಈಸ್ಟರ್‌ಗೆ ಮೊದಲಿನ ಭಾನುವಾರ ಇಂಥದ್ದೇ ಇನ್ನೊಂದು ಕಟ್ಟು. 'ಪಾಲ್ಮ್‌ಬುಶನ್' ಅಂತ ಹೆಸರು. ಹೆಸರಲ್ಲಿ ತಾಳೆ ಇದೆ, ಆದರೆ ಆಲ್ಪ್ಸ್ ಬೆಟ್ಟದಲ್ಲಿ ತಾಳೆಗರಿ ಎಲ್ಲಿಂದ ಬರಬೇಕು? ಆಗಷ್ಟೇ ಚಿಗುರುವ ವಿಲೋ ಗಿಡದ ರೆಂಬೆಯನ್ನೇ ತಾಳೆ ಅಂದುಕೊಳ್ಳುತ್ತಾರೆ. ಅದರ ಮೊಗ್ಗು ಬೆಕ್ಕಿನ ಮರಿಯ ಪಂಜದಂತೆ ಬೂದುಬಣ್ಣಕ್ಕೆ ಮೆತ್ತಗಿರುತ್ತದೆ. ಅಂಥ ಒಂದು ಮೊಗ್ಗನ್ನು ನುಂಗಿದರೆ ಆ ವರ್ಷ ಗಂಟಲುನೋವು ಬರುವುದಿಲ್ಲ ಅನ್ನುವ ನಂಬಿಕೆ ಇದೆ. ನಾನೂ ನುಂಗಿದೆ. ಬಂತು.

ಈಗ ಸ್ವಲ್ಪ ಇತಿಹಾಸಕ್ಕೆ ಹೋಗೋಣ. ವಿಯೆನ್ನಾದ ಟುಖ್‌ಲೌಬನ್ ಬೀದಿಯ 19ನೇ ನಂಬರಿನ ಮನೆಯಲ್ಲಿ 1979ರಲ್ಲಿ ರಿಪೇರಿ ಮಾಡುವಾಗ ಗಾರೆಯ ಹಿಂದೆ ಹಳೆಯ ಗೋಡೆಚಿತ್ರಗಳು ಸಿಕ್ಕವು. 1400ರ ಆಸುಪಾಸಿನವು. ಅಲ್ಲಿ ನೈಡ್‌ಹಾರ್ಟ್ ಅನ್ನುವ ಆಸ್ಥಾನ ಕವಿಯ ಸುತ್ತ ಹುಟ್ಟಿದ ಕತೆಗಳಿವೆ. ಅದರಲ್ಲೊಂದು ನೇರಳೆ ವಯಲೆಟ್ ಹೂವಿನದು. ಚಳಿಗಾಲ ಮುಗಿದು ಮೊದಲ ವಯಲೆಟ್ ಕಂಡವರು ಅರಮನೆಗೆ ಸುದ್ದಿ ಮುಟ್ಟಿಸಬೇಕು. ಎಲ್ಲರೂ ಬಂದು ಅದರ ಸುತ್ತ ಕುಣಿಯುತ್ತಾರೆ. ನೈಡ್‌ಹಾರ್ಟ್ ಹೂ ಕಂಡ. ಮೇಲೆ ಟೋಪಿ ಮುಚ್ಚಿ ರಾಣಿಯನ್ನು ಕರೆತರಲು ಓಡಿದ. ಅಷ್ಟರಲ್ಲಿ ಒಬ್ಬ ರೈತ ಬಂದು ಹೂ ಕಿತ್ತುಕೊಂಡು, ಟೋಪಿಯ ಕೆಳಗೆ ಅದರ ಬದಲು ಹೇಲು ಇಟ್ಟು ಹೋದ. ಮುಂದಿನದು ನೀವೇ ಊಹಿಸಿಕೊಳ್ಳಿ. ಸಭೆಯಲ್ಲಿ ಇದನ್ನು ಹೇಳಬೇಕೋ ಬೇಡವೋ ಅಂತ ಯೋಚಿಸಿದ್ದೆ. ಅವರು ಗೋಡೆ ಮೇಲೇ ಬರೆಸಿಕೊಂಡಿದ್ದಾರೆ, ನಮಗೇಕೆ ನಾಚಿಕೆ.

ಆ ಕಾಲದಲ್ಲಿ ತೋಟಗಳಲ್ಲಿ ಹೂವಿನ ಬಗೆ ಕಡಿಮೆ. 16ನೇ ಶತಮಾನದಲ್ಲಿ ಅದು ಬದಲಾಯಿತು. ಆಸ್ಟ್ರಿಯಾ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ದೊರೆಯ ರಾಯಭಾರಿಯಾಗಿ ಬುಸ್‌ಬೆಕ್ ಅನ್ನುವವರು ಇಸ್ತಾಂಬುಲ್‌ಗೆ, ಸುಲ್ತಾನ್ ಸುಲೇಮಾನನ ಆಸ್ಥಾನಕ್ಕೆ ಹೋಗಿದ್ದರು. ಅಲ್ಲಿಂದ ಟುಲಿಪ್ ಗೆಡ್ಡೆ, ಲೈಲ್ಯಾಕ್ ಗಿಡಗಳನ್ನು ವಿಯೆನ್ನಾಕ್ಕೆ ತಂದವರು ಅವರೇ ಅಂತ ಹೇಳುತ್ತಾರೆ. 1573ರಲ್ಲಿ ಚಕ್ರವರ್ತಿ ಎರಡನೇ ಮ್ಯಾಕ್ಸಿಮಿಲಿಯನ್ ಸಸ್ಯವಿಜ್ಞಾನಿ ಕ್ಲೂಸಿಯಸ್ ಅವರನ್ನು ವಿಯೆನ್ನಾಕ್ಕೆ ಕರೆಸಿಕೊಂಡ. ಅವರು ಅಲ್ಲಿ ಟುಲಿಪ್ ಬೆಳೆಸಿದರು. ಆಮೇಲೆ ಹಾಲೆಂಡಿನ ಲೈಡನ್‌ಗೆ ಹೋಗುವಾಗ ಗೆಡ್ಡೆಗಳನ್ನೂ ಜೊತೆಗೆ ಒಯ್ದರು. ಹಾಲೆಂಡಿನ ಟುಲಿಪ್ ಅಂತ ನಾವು ಹೊಗಳುವ ಹೂವು ವಿಯೆನ್ನಾದ ಮಣ್ಣು ಮುಟ್ಟಿ ಹೋದದ್ದು. ಮುಂದೆ ಫ್ರಾಂಜ್ ಅನ್ನುವ ಚಕ್ರವರ್ತಿ ಬಂದ. ಹ್ಯಾಬ್ಸ್‌ಬರ್ಗ್ ಮನೆತನದಲ್ಲಿ ರಾಜಕುಮಾರರೂ ಒಂದು ಕೈಕಸುಬು ಕಲಿಯುವ ಪದ್ಧತಿ ಇತ್ತು. ಈತ ಕಲಿತದ್ದು ತೋಟಗಾರಿಕೆ. ಜನ 'ಹೂವಿನ ಚಕ್ರವರ್ತಿ' ಅಂತಲೇ ಕರೆದರು.

ಅದೇ ಫ್ರಾಂಜ್ ಕಾಲದಲ್ಲಿ ಶುರುವಾದದ್ದು, 1815ರಿಂದ 1848ರವರೆಗೆ ಅನ್ನಿ, ಬೀಡರ್‌ಮೈಯರ್ ಯುಗ. ನೆಪೋಲಿಯನ್ ಸೋತಿದ್ದ. ಮಂತ್ರಿ ಮೆಟರ್ನಿಕ್ ಕೈಯಲ್ಲಿ ಅಧಿಕಾರ ಇತ್ತು. ಬರೆದದ್ದಕ್ಕೆಲ್ಲ ಸೆನ್ಸಾರ್, ಬೀದಿ ಬೀದಿಗೆ ಗೂಢಚಾರರು. ಹೊರಗೆ ಮಾತಾಡುವಂತಿಲ್ಲ ಅಂದಾಗ ಜನ ಮನೆಯೊಳಗೆ ಸೇರಿಕೊಂಡರು. ಕುರ್ಚಿ, ಪರದೆ, ಪಿಯಾನೊ, ಹೂವು. ಬೀಡರ್‌ಮೈಯರ್ ಬೊಕೆ ಹುಟ್ಟಿದ್ದು ಹೀಗೆ. ಪುಟ್ಟದು, ಗುಂಡಗೆ, ಬಿಗಿ. ನಡುವೆ ಒಂದು ಗುಲಾಬಿ ಮೊಗ್ಗು, ಅದರ ಸುತ್ತ ಒಂದು ಬಣ್ಣದ ಉಂಗುರ, ಅದರ ಸುತ್ತ ಇನ್ನೊಂದು. ಅಂಚಿಗೆ ಲೇಸಿನಂತೆ ಕತ್ತರಿಸಿದ ಬಿಳಿ ಕಾಗದ. ಒಂದು ಎಲೆಯೂ ಸಾಲು ತಪ್ಪುವಂತಿಲ್ಲ. ಪೊಲೀಸರಿಗೆ ಹೆದರಿದ ಕಾಲದ ಹೂಗುಚ್ಛವೂ ಶಿಸ್ತಾಗಿ ನಿಂತಿತು ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಅನಿಸಿಕೆ, ಪುಸ್ತಕದ ಮಾತಲ್ಲ.

ಬೊಕೆ ಕಟ್ಟುವ ಕೈಚಳಕ ತೋರಿಸಲು ಅವತ್ತು ಒಂದು ಕಂತೆ ಸೇವಂತಿಗೆ ತಂದಿದ್ದೆ. ಬರಹದಲ್ಲಿ ಹೇಳಲು ಪ್ರಯತ್ನಿಸುತ್ತೇನೆ. ಮೊದಲು ಕಟ್ಟು ಬೀಳುವ ಜಾಗದಿಂದ ಕೆಳಗಿನ ಎಲೆಗಳನ್ನೆಲ್ಲ ತೆಗೆಯಬೇಕು, ಇಲ್ಲದಿದ್ದರೆ ನೀರಲ್ಲಿ ಕೊಳೆಯುತ್ತವೆ. ಮೊದಲ ದಂಟನ್ನು ಎಡಗೈ ಹೆಬ್ಬೆರಳು, ತೋರುಬೆರಳ ನಡುವೆ ನೆಟ್ಟಗೆ ಹಿಡಿಯಿರಿ. ಎರಡನೆಯದನ್ನು ಅದರ ಮೇಲೆ ಓರೆಯಾಗಿ ಇಡಿ. ಮೂರನೆಯದೂ ಅದೇ ಓರೆ, ನಾಲ್ಕನೆಯದೂ ಅದೇ. ಎರಡು ಮೂರು ಹೂವಿಗೊಮ್ಮೆ ಕಟ್ಟನ್ನು ಕೈಯಲ್ಲೇ ತುಸು ತಿರುಗಿಸಿ. ಹಿಡಿ ಸಡಿಲ ಇರಬೇಕು, ಹಿಸುಕಬಾರದು. ದಂಟುಗಳೆಲ್ಲ ಒಂದೇ ದಿಕ್ಕಿಗೆ ಸುರುಳಿಯಾಗಿ ಹರಡಿಕೊಳ್ಳುತ್ತವೆ. ಬತ್ತದ ಸಿವುಡನ್ನು ನಡುವಲ್ಲಿ ಬಿಗಿದಾಗ ಎರಡೂ ಕಡೆ ಅರಳುತ್ತದಲ್ಲ, ಹಾಗೆ. ಒಂದೇ ಒಂದು ದಂಟು ಎದುರು ದಿಕ್ಕಿಗೆ ಹೋಯಿತೋ, ಬಿಗಿಯುವಾಗ ಅದೇ ಮೊದಲು ಮುರಿಯುವುದು. ಕೊನೆಗೆ ನಾರಿನಿಂದ ಒಂದೇ ಜಾಗದಲ್ಲಿ ಸುತ್ತಿ ಗಂಟು ಹಾಕಿ, ಬುಡ ಕತ್ತರಿಸಿ ಮೇಜಿನ ಮೇಲೆ ಇಡಿ. ಸರಿಯಾಗಿ ಕಟ್ಟಿದ್ದರೆ ತಾನಾಗೇ ನಿಲ್ಲುತ್ತದೆ. ಅವತ್ತು ನನ್ನದು ಎರಡನೇ ಸಲಕ್ಕೆ ನಿಂತಿತು.

ಬೀಡರ್‌ಮೈಯರ್ ಶಿಸ್ತಿಗೆ ಪೂರಾ ಉಲ್ಟಾ ಒಬ್ಬ ಮನುಷ್ಯ ಬಂದ. ಹಾನ್ಸ್ ಮಾಕಾರ್ಟ್. 1840ರಲ್ಲಿ ಸಾಲ್ಸ್‌ಬರ್ಗಿನಲ್ಲಿ ಹುಟ್ಟಿದ ಚಿತ್ರಕಾರ. ಗಿಡ್ಡ ಆಳು, ದೊಡ್ಡ ಗಡ್ಡ. ವಿಯೆನ್ನಾದಲ್ಲಿ ಹಳೆಯ ಎರಕದ ಕಾರ್ಖಾನೆಯನ್ನು ಅವನಿಗೆ ಸ್ಟುಡಿಯೊ ಮಾಡಿಕೊಟ್ಟಿದ್ದರು. ಅದರೊಳಗೆ ಜಮಖಾನ, ಕತ್ತಿ ಗುರಾಣಿ, ಹುಲಿಚರ್ಮ, ಕೆತ್ತನೆಯ ಪೆಟ್ಟಿಗೆ ಎಲ್ಲ ತುಂಬಿ, ಸಂದಿಗೊಂದಿಯಲ್ಲಿ ಆಳೆತ್ತರದ ಹೂದಾನಿಗಳು. ಅವುಗಳಲ್ಲಿ ತಾಜಾ ಹೂವಿಲ್ಲ. ಒಣಗಿಸಿದ ತಾಳೆಗರಿ, ಜೊಂಡು, ಚಾಮರದಂಥ ಪಾಂಪಸ್ ಹುಲ್ಲು, ನವಿಲುಗರಿ, ಒಣಹೂವು. ಜನ ಸ್ಟುಡಿಯೊ ನೋಡಲಿಕ್ಕೆಂದೇ ಬರುತ್ತಿದ್ದರು. ನೋಡಿದವರಿಗೆಲ್ಲ ಮನೆಯಲ್ಲೂ ಅದೇ ಬೇಕು ಅನ್ನಿಸಿತು. 'ಮಾಕಾರ್ಟ್ ಬೊಕೆ' ಅನ್ನುವ ಹೆಸರೇ ಬಿತ್ತು. ವಿಯೆನ್ನಾದ ಹಳೇ ಪೇಟೆಯ ಸುತ್ತ ಇರುವ ರಿಂಗ್ ರಸ್ತೆಯ ಹೊಸ ಸಾಹುಕಾರರ ದಿವಾನಖಾನೆಯಿಂದ ಹಿಡಿದು ಸಾಮಾನ್ಯ ಗುಮಾಸ್ತರ ಮನೆವರೆಗೂ ಮೂಲೆಯಲ್ಲೊಂದು ಒಣ ಬೊಕೆ. ಚಳಿಗಾಲದಲ್ಲಿ ತಾಜಾ ಹೂ ದುಬಾರಿ. ಇದಾದರೆ ಒಮ್ಮೆ ಕೊಂಡರೆ ವರ್ಷಗಟ್ಟಲೆ. ನೀರು ಬೇಡ. ಧೂಳು ಮಾತ್ರ ಧಾರಾಳ.

1879ರ ಏಪ್ರಿಲ್ 27ರಂದು ಚಕ್ರವರ್ತಿ ಫ್ರಾಂಜ್ ಯೋಸೆಫ್, ರಾಣಿ ಎಲಿಸಬೆತ್ ಮದುವೆಯ 25ನೇ ವರ್ಷಕ್ಕೆ ರಿಂಗ್ ರಸ್ತೆಯಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ಸಾವಿರಾರು ಜನರ ವೇಷಭೂಷಣ, ರಥ, ಅಲಂಕಾರ ಎಲ್ಲದರ ಹಿಂದೆ ಮಾಕಾರ್ಟ್. ಅವನೂ ಕುದುರೆ ಏರಿ ಮೆರವಣಿಗೆಯಲ್ಲಿ ಹೋದ. ಐದೇ ವರ್ಷಕ್ಕೆ, 1884ರಲ್ಲಿ, 44ರ ವಯಸ್ಸಿಗೆ ತೀರಿಕೊಂಡ. ಅವನ ಬೊಕೆಯೂ ಆಮೇಲೆ ಜಾಸ್ತಿ ವರ್ಷ ಬಾಳಲಿಲ್ಲ. 1903ರಲ್ಲಿ ಯೋಸೆಫ್ ಹೋಫ್‌ಮನ್, ಕೊಲೊಮನ್ ಮೋಸರ್ ಸೇರಿ 'ವೀನರ್ ವೆರ್ಕ್‌ಷ್ಟೆಟೆ', ಅಂದರೆ ವಿಯೆನ್ನಾ ಕಾರ್ಯಾಗಾರ, ಅನ್ನುವ ವಿನ್ಯಾಸಕಾರರ ಸಂಸ್ಥೆ ಕಟ್ಟಿದರು. ಅವರು ಮಾಡಿದ ಹೂವಿನ ಬುಟ್ಟಿ ನೋಡಿ. ಲೋಹದ ತಗಡಿನಲ್ಲಿ ಚೌಕ ಚೌಕ ತೂತು, ಕೆಲವಕ್ಕೆ ಬಿಳಿ ಬಣ್ಣ, ಒಳಗೊಂದು ಗಾಜಿನ ಕೊಳವೆ, ನಾಲ್ಕು ಹೂವಿಗಷ್ಟೇ ಜಾಗ. ಮಾಕಾರ್ಟನ ಧೂಳು ಒಂದೇ ಸಲಕ್ಕೆ ಗುಡಿಸಿದಂತೆ! ಸತ್ಯ ಹೇಳಬೇಕೆಂದರೆ, ನನಗೆ ಮಾಕಾರ್ಟನೇ ಇಷ್ಟ.

ಹೂವು ಅಲ್ಲಿ ರಾಜಕೀಯಕ್ಕೂ ಇಳಿದಿದೆ. 1890ರಲ್ಲಿ ವಿಯೆನ್ನಾದ ಪ್ರಾಟರ್ ಉದ್ಯಾನದಲ್ಲಿ ಕಾರ್ಮಿಕರ ಮೊದಲ ಮೇ ದಿನಾಚರಣೆ ನಡೆಯಿತು. ಅಂಗಿಗೆ ಸಿಕ್ಕಿಸಿದ ಕೆಂಪು ಕಾರ್ನೇಶನ್ ಸಮಾಜವಾದಿಗಳ ಗುರುತಾಗಿ ನಿಂತಿತು. ಅದೇ ಪ್ರಾಟರ್‌ನಲ್ಲಿ ಅದಕ್ಕೆ ನಾಲ್ಕು ವರ್ಷ ಮೊದಲು, 1886ರಲ್ಲಿ, ರಾಜಮನೆತನಗಳ ಕಡೆಯ ಪೌಲೀನೆ ಮೆಟರ್ನಿಕ್ ಹೂವಿನ ಸಾರೋಟುಗಳ ಮೆರವಣಿಗೆ ಶುರು ಮಾಡಿಸಿದ್ದರು. ಒಂದೇ ತೋಟ, ಎರಡು ಬಗೆಯ ಹೂವು. ನೀಲಿ ಕಾರ್ನ್‌ಫ್ಲವರ್ ಕತೆ ಇನ್ನೂ ಕಹಿ. ಅದು ಮೊದಲು ಜರ್ಮನ್ ರಾಷ್ಟ್ರವಾದಿಗಳ ಹೂವು. 1933ರಿಂದ 1938ರವರೆಗೆ ನಾಜಿ ಪಕ್ಷಕ್ಕೆ ಆಸ್ಟ್ರಿಯಾದಲ್ಲಿ ನಿಷೇಧ ಇದ್ದಾಗ ಕದ್ದುಮುಚ್ಚಿ ಒಬ್ಬರನ್ನೊಬ್ಬರು ಗುರುತಿಸಲು ಇದನ್ನೇ ಸಿಕ್ಕಿಸಿಕೊಳ್ಳುತ್ತಿದ್ದರು. ಬಲಪಂಥೀಯ ಎಫ್‌ಪಿಓ ಪಕ್ಷದ ಸಂಸದರು ಅದೇ ಹೂವು ಧರಿಸಿ ಸಂಸತ್ತಿಗೆ ಬಂದು ಟೀಕೆಗೆ ಗುರಿಯಾದರು. 2017ರಲ್ಲಿ ಅದನ್ನು ಬಿಟ್ಟು ಎಡೆಲ್‌ವೈಸ್ ಧರಿಸಿದರು. ಆ ಎಡೆಲ್‌ವೈಸ್ ಹೂವನ್ನು ಆಸ್ಟ್ರಿಯಾದ ಎರಡು ಸೆಂಟ್ ನಾಣ್ಯದ ಮೇಲೂ ನೋಡಬಹುದು.

ಒಣ ಹೂವಿಗೆ ವಾಪಸ್ ಬರೋಣ. ಸಾಲ್ಸ್‌ಬರ್ಗಿನದೇ ಒಂದು ವಿಶೇಷ ಇದೆ, ಮಸಾಲೆ ಬೊಕೆ. ಹೌದು, ಅಡುಗೆಯ ಮಸಾಲೆ. ಸಾಲ್ಸ್‌ಬರ್ಗ್ ವೆನಿಸ್ ಕಡೆಗಿನ ವ್ಯಾಪಾರದ ದಾರಿಯಲ್ಲಿದ್ದ ಊರು. ಲವಂಗ, ಚಕ್ಕೆ, ಜಾಯಿಕಾಯಿ, ಮೆಣಸು ಆಲ್ಪ್ಸ್ ದಾಟಿ ಬರುತ್ತಿದ್ದವು. ಅದರಲ್ಲಿ ಮೆಣಸು ನಮ್ಮ ಪಡುವಣ ಕರಾವಳಿಯ ಕಡೆಯಿಂದ ಹೊರಟದ್ದು. ಒಂದೊಂದು ಲವಂಗಕ್ಕೂ ಕೂದಲೆಳೆಯಂಥ ತಂತಿ ಸುತ್ತುತ್ತಾರೆ. ಐದಾರು ಲವಂಗ ಸೇರಿಸಿ ನಡುವೆ ಒಂದು ಮಣಿ ಇಟ್ಟರೆ ಹೂವು. ಜಾಯಿಕಾಯಿಗೆ ಚಿನ್ನದ ಬಣ್ಣದ ಸುರುಳಿ ತಂತಿಯ ಬಲೆ. ನಕ್ಷತ್ರದಂಥ ಚಕ್ರಮೊಗ್ಗಿಗೆ ಏನೂ ಮಾಡಬೇಕಾಗಿಲ್ಲ, ಅದು ಹುಟ್ಟಾ ಹೂವೇ. ಎಲ್ಲವನ್ನೂ ಗುಂಡಗೆ ಜೋಡಿಸಿ ಕೆಳಗೆ ಲೇಸು ಕಟ್ಟುತ್ತಾರೆ. ಸನ್ಯಾಸಿನಿಯರ ಮಠಗಳಲ್ಲಿ ಇಂಥ ತಂತಿ ಕೆಲಸ ಬಹಳ ನಡೆಯುತ್ತಿತ್ತು. ಕ್ರಿಸ್‌ಮಸ್ ಸಂತೆಯಲ್ಲಿ ಈಗಲೂ ಮಾರುತ್ತಾರೆ. ನಾನೊಂದು ತಂದಿದ್ದೆ, ಸಭೆಯಲ್ಲಿ ಎಲ್ಲರ ಕೈಗೂ ಕೊಟ್ಟೆ. ಮುಂದಿನ ಸಾಲಿನ ಒಬ್ಬರು ಮೂಸಿ "ಇದರಲ್ಲಿ ಒಂದು ಪಲಾವ್ ಮಾಡಬಹುದು" ಅಂದರು.

ಹೂವಿನ ದೊಡ್ಡ ಹಬ್ಬಗಳ ಬಗ್ಗೆ ಸುಮ್ನೆ ಪಟ್ಟಿ ಓದುವುದಿಲ್ಲ. ಬಾಡ್ ಔಸೇ ಸುತ್ತಮುತ್ತ 1960ರಿಂದ ನಡೆಯುವ ನಾರ್ಸಿಸಸ್ ಹಬ್ಬದಲ್ಲಿ ಕಾಡಿನ ಬಿಳಿ ಹೂವನ್ನು ಸಣ್ಣ ಸಣ್ಣ ಕಂತೆ ಕಟ್ಟಿ, ಚೌಕಟ್ಟಿಗೆ ಸಿಕ್ಕಿಸಿ, ಆನೆ ಡ್ರ್ಯಾಗನ್ ಏನು ಬೇಕಾದರೂ ಮಾಡುತ್ತಾರೆ. ಆಮೇಲೆ ದೋಣಿ ಮೇಲೆ ಕೆರೆಯಲ್ಲಿ ಮೆರವಣಿಗೆ. ಹೊಸವರ್ಷದ ದಿನ ವಿಯೆನ್ನಾದ ಸಂಗೀತ ಕಚೇರಿಯನ್ನು ಟಿವಿಯಲ್ಲಿ ನೋಡಿದವರಿಗೆ ಆ ಚಿನ್ನದ ಸಭಾಂಗಣದ ಹೂವು ನೆನಪಿರಬಹುದು. ನಮ್ಮ ಜುಬಿನ್ ಮೆಹ್ತಾ ಐದು ಸಲ ನಡೆಸಿಕೊಟ್ಟ ಕಚೇರಿ ಅದು. ಆ ಹೂವು 1980ರಿಂದ 2013ರವರೆಗೆ ಇಟಲಿಯ ಸಾನ್‌ರೆಮೊ ಊರಿನ ಉಡುಗೊರೆ. 2014ರಿಂದ ಹೂವಿನ ಅಲಂಕಾರ ವಿಯೆನ್ನಾ ನಗರದ ತೋಟಗಾರಿಕೆ ಇಲಾಖೆಯದು.

ನವೆಂಬರ್ 1ಕ್ಕೆ ಊರಿಗೆ ಊರೇ ಸ್ಮಶಾನದಲ್ಲಿ. ವಿಯೆನ್ನಾದ ದೊಡ್ಡ ಸ್ಮಶಾನ ತ್ಸೆಂಟ್ರಾಲ್‌ಫ್ರೀಡ್‌ಹೋಫ್ ಶುರುವಾದದ್ದೂ ಅದೇ ತಾರೀಕು, 1874ರಲ್ಲಿ. ಅಲ್ಲಿಗೆ 71ನೇ ನಂಬರಿನ ಟ್ರಾಮ್ ಹೋಗುತ್ತದೆ. ಯಾರಾದರೂ ತೀರಿಕೊಂಡರೆ "71 ಹತ್ತಿದರು" ಅನ್ನುತ್ತಾರೆ. ಸಮಾಧಿಗೆ ಇಡುವ ಕಟ್ಟಿಗೆ ಕೆಳಗೆ ಫರ್ ಮರದ ರೆಂಬೆ ಹಾಸುತ್ತಾರೆ. ಹಿಮ ಬಿದ್ದರೂ ಹಸಿರು ಉಳಿಯಲಿ ಅಂತ.

ನಾನು ಕಣ್ಣಾರೆ ನೋಡಿ ಬೆರಗಾದದ್ದು ಲುಂಗೌ ಸೀಮೆಯ ತ್ಸೇಡರ್‌ಹೌಸ್ ಹಳ್ಳಿಯ ಹೂಕಂಬಗಳನ್ನು. ಹಿಂದೆ ಮಿಡತೆಗಳು ಬಂದು ಹೊಲಗದ್ದೆ ತಿಂದುಹಾಕಿದಾಗ ಜನ ಹರಕೆ ಹೊತ್ತರಂತೆ. ಹರಕೆ ಇನ್ನೂ ನಡೆಯುತ್ತಿದೆ. ಜೂನ್ 24ಕ್ಕೆ ಮುಂಚೆ ಮನೆಮಂದಿಯೆಲ್ಲ ಗುಡ್ಡ ಹತ್ತಿ ಹೂ ಕಿತ್ತು ತರುತ್ತಾರೆ. ಅದನ್ನು ಉದ್ದುದ್ದ ಮಾಲೆ ಮಾಡಿ, ಆರೆಂಟು ಮೀಟರ್ ಎತ್ತರದ ಕಂಬಕ್ಕೆ ಬುಡದಿಂದ ತುದಿಯವರೆಗೆ ಸುತ್ತುತ್ತಾರೆ. ಸಾಲು ಸಾಲಾಗಿ, ಬಣ್ಣ ಬಣ್ಣದ ಪಟ್ಟೆ ಬರುವ ಹಾಗೆ. ಒಂದು ಕಂಬಕ್ಕೆ ಹತ್ತಾರು ಸಾವಿರ ಹೂವು ಬೇಕು. ಹುಡುಗರು ಅದನ್ನು ನೆಟ್ಟಗೆ ಎತ್ತಿ ಹಿಡಿದು ಮೆರವಣಿಗೆಯಲ್ಲಿ ನಡೆಯುತ್ತಾರೆ. ಗಾಳಿ ಬೀಸಿದರೆ ಕಂಬ ಓಲಾಡುತ್ತದೆ, ನೋಡುವವರ ಎದೆ ಝಲ್ಲೆನ್ನುತ್ತದೆ. ನಮ್ಮ ಅಮ್ಮ ಇದ್ದಿದ್ದರೆ ಮೊದಲು ಕೇಳುತ್ತಿದ್ದದ್ದು "ಎಷ್ಟು ಮಾರು?" ಅಂತ. ಆ ಕಂಬಗಳು ಆಗಸ್ಟ್ 15ರವರೆಗೆ ಚರ್ಚಿನೊಳಗೇ ನಿಂತು ಒಣಗುತ್ತವೆ. ಆಮೇಲೆ ಹೂ ಬಿಡಿಸಿ ಮನೆಗೆ ಒಯ್ಯುತ್ತಾರೆ. ಯಾಕೆ? ಡಿಸೆಂಬರಿಗೆ.

ಡಿಸೆಂಬರಿನ ಮಾತು ಬಾಕಿ ಇತ್ತಲ್ಲ. ಕ್ರಿಸ್‌ಮಸ್‌ನಿಂದ ಜನವರಿ 6ರವರೆಗಿನ ರಾತ್ರಿಗಳಿಗೆ 'ರೌನೆಖ್ಟೆ' ಅನ್ನುತ್ತಾರೆ. ದೆವ್ವ ಭೂತ ತಿರುಗಾಡುವ ರಾತ್ರಿಗಳು. ಬಾಣಲೆಯಲ್ಲಿ ಕೆಂಡ ಹಾಕಿ, ಮೇಲೆ ಧೂಪ, ಒಣಗಿಸಿಟ್ಟ ಮೂಲಿಕೆ ಉದುರಿಸಿ, ಕೋಣೆ ಕೋಣೆಗೂ ಕೊಟ್ಟಿಗೆಗೂ ಹೊಗೆ ತೋರಿಸುತ್ತಾರೆ. ಆ ಜನವರಿ 5ರ ರಾತ್ರಿ ಅಜ್ಜಿ ನಮ್ಮನ್ನೂ ಕರೆದರು. ಆಗಸ್ಟಿನ ಕಟ್ಟು ಬಿಚ್ಚಿದರು. ಮಾಚಿಪತ್ರೆ ಮುರಿದು ಕೆಂಡದ ಮೇಲೆ ಹಾಕಿದರು. ಆಮೇಲೆ ಸ್ಟೂಲ್ ಮೇಲೆ ಹತ್ತಿ ತೊಲೆಯಿಂದ ಏನನ್ನೋ ಇಳಿಸಿದರು. ನನ್ನ ಎಂಟು ಗುಲಾಬಿ! ಏಳರ ಪಕಳೆ ಕೈಯಲ್ಲಿ ಪುಡಿ ಮಾಡಿ ಬಾಣಲೆಗೆ ಹಾಕಿದರು. ಎಂಟನೆಯದನ್ನು ನನ್ನ ಕೈಗೆ ಕೊಟ್ಟು "ಈಗ ಲೆಕ್ಕ ಸರಿಯಾಯಿತು" ಅಂದರು. ನಾವು ಮೂವರು ಬಾಣಲೆಯ ಹಿಂದೆ ಕೋಣೆಯಿಂದ ಕೋಣೆಗೆ ನಡೆದೆವು. ಎರಡನೇ ಕೋಣೆಯಲ್ಲಿ ಹೊಗೆ ಅಲಾರಂ ಬಡಿದುಕೊಳ್ಳಲು ಶುರುವಾಯಿತು. ಅಜ್ಜಿ ಒಂದು ಕೈಯಲ್ಲಿ ಬಾಣಲೆ ಹಿಡಿದುಕೊಂಡೇ, ನನ್ನ ಗಂಡನಿಗೆ ಸ್ಟೂಲ್ ತೋರಿಸಿ, ಹತ್ತಿ ಬ್ಯಾಟರಿ ತೆಗೆ ಅಂತ ಸನ್ನೆ ಮಾಡಿದರು.